ನೇಸರನ್ನು ನೋಡುವ ಕಣ್ಣು

ಸೂರ್ಯನಿಗೆ ದಿನವೂ ಕೈಮುಗಿಯುವ ನಾಡು ನಮ್ಮದು. ಬೆಳಗಾಗೆದ್ದು ಅರ್ಘ್ಯ ಕೊಡುವವರಿದ್ದಾರೆ. ರಥಸಪ್ತಮಿಯಂದು ತಲೆಯ ಮೇಲೆ ಎಕ್ಕದೆಲೆಯನ್ನಿಟ್ಟುಕೊಂಡು ಮೀಯುವವರಿದ್ದಾರೆ. ‘ನೇಸರು’ ಎಂಬ ಅಚ್ಚಗನ್ನಡದ ಹೆಸರನ್ನು ನಮ್ಮ ಹಿರಿಯರು ಅವನಿಗೆ ಇಟ್ಟು ಎಷ್ಟೋ ಶತಮಾನಗಳಾದವು. ಧಾರವಾಡದ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಬಾಯಿಪಾಠ ಬಲ್ಲ ಹುಡುಗರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ಇಷ್ಟಿದ್ದೂ, ಆ ಬೆಳಗಿನ ಬಿಂಬದ ಮೇಲೆ ಕಪ್ಪು ಕಲೆಗಳಿವೆ, ಅವು ದಿನದಿನಕ್ಕೆ ಜರುಗುತ್ತವೆ ಎಂಬುದನ್ನು ತನ್ನ ಕಣ್ಣಿನಿಂದಲೇ ಕಂಡ ವಿದ್ಯಾರ್ಥಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಶಾಲೆಗಳಲ್ಲಿ ಎಷ್ಟು ಜನ ಇದ್ದಾರು? ಬೆರಳು ಮಡಿಚಿ ಎಣಿಸಬೇಕಾದೀತು.

ಇದಕ್ಕೆ ಕಾರಣ ಅಸಡ್ಡೆಯೊಂದೇ ಅಲ್ಲ, ಭಯವೂ ಇದೆ. ೧೯೮೦ರ ಫೆಬ್ರುವರಿ ೧೬ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ನೆಲವನ್ನು ಸೇರಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದುಹೋಯಿತು. ನಮ್ಮ ಈ ನಾಲ್ಕೂ ಊರುಗಳು ಆ ನೆರಳಿನ ಪಟ್ಟಿಯೊಳಗೇ ಇದ್ದವು. ಮಧ್ಯಾಹ್ನ ಮೂರೂವರೆಯ ಮೇಲೆ ಸುಮಾರು ಎರಡೂವರೆ ನಿಮಿಷ ಹಗಲು ಇರುಳಾಯಿತು. ಅದನ್ನು ಕಾಣುವ ಸಲುವಾಗಿ ದೂರದ ವಿಜ್ಞಾನಿಗಳು ಸಲಕರಣೆ ಹೊತ್ತು ಈ ಸೀಮೆಗೆ ಬಂದರು. ಆದರೆ ಅಂದು ಊರಿನ ಬೀದಿಗಳು ಬಿಕೋ ಎನ್ನುತ್ತಿದ್ದವೆಂದೂ, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿಕೊಂಡು ಒಳಗೆ ಕುಳಿತೆವೆಂದೂ ಹಿರಿಯರು ಹೇಳುತ್ತಾರೆ. ಮನೆಯ ಮಾಳಿಗೆಯ ಮೇಲೆಯೇ ನಡೆದ ಅಪೂರ್ವ ನೋಟ ಮನೆಯವರಿಗೆ ಕಾಣದೆ ಹೋಯಿತು.

ಆ ಭಯವನ್ನು ಮೌಢ್ಯವೆಂದು ನಗೆಯಾಡಿ ಕೈಬಿಡುವುದು ಸುಲಭ. ಆದರೆ ಅದರೊಳಗೆ ಒಂದು ನಿಜವೂ ಇದೆ: ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ಕೆಡುತ್ತದೆ, ಗ್ರಹಣದ ದಿನವೂ ಕೆಡುತ್ತದೆ, ಗ್ರಹಣವಿಲ್ಲದ ದಿನವೂ ಕೆಡುತ್ತದೆ. ಭಯವನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಏನನ್ನೂ ಇಡದೆ ಹೋದರೆ ಹುಡುಗರು ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ ಹಿಡಿದು ಆಕಾಶ ನೋಡುತ್ತಾರೆ. ಇವೆರಡೂ ಕಣ್ಣನ್ನು ಕಾಯಲಾರವು. ಬಾಗಿಲು ಮುಚ್ಚಿದ ಹಳೆಯ ಭಯಕ್ಕಿಂತ ಈ ಹೊಸ ಧೈರ್ಯ ಹೆಚ್ಚು ಅಪಾಯಕರ. ಭಯದ ಜಾಗಕ್ಕೆ ಬರಬೇಕಾದದ್ದು ಶಿಸ್ತು. ಆ ಶಿಸ್ತಿನ ಮೊದಲ ಪಾಠ ಸಲಕರಣೆಯ ಆಯ್ಕೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ದಾನಿಗಳಿಂದಲೋ ಶಾಲೆಯ ನಿಧಿಯಿಂದಲೋ ಅರವತ್ತು ಎಪ್ಪತ್ತು ಮಿಲಿಮೀಟರು ಮಸೂರದ ಚಿಕ್ಕ ದುರ್ಬೀನು ಹಳ್ಳಿಯ ಶಾಲೆಗೂ ಬರುವ ಕಾಲವಿದು. ಬಂದದ್ದು ಬಹುಮಟ್ಟಿಗೆ ಕಪಾಟಿನಲ್ಲಿ ಉಳಿಯುತ್ತದೆ. ಏಕೆಂದರೆ ಚಂದ್ರನನ್ನೂ ಶನಿಯನ್ನೂ ತೋರಿಸಬೇಕಾದರೆ ಇರುಳು ಮಕ್ಕಳು ಶಾಲೆಗೆ ಬರಬೇಕು; ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ಕಡೆಯ ಬಸ್ಸು ತಪ್ಪಿದರೆ ದೂರದ ಹಳ್ಳಿಯ ಮಕ್ಕಳು ಊರು ಮುಟ್ಟುವುದು ಹೇಗೆ? ಶಾಲೆ ನಡೆಯುವ ಹೊತ್ತಿನಲ್ಲಿ ಆಕಾಶದಲ್ಲಿ ಕಾಣುವ ನಕ್ಷತ್ರ ಒಂದೇ, ಅದು ಸೂರ್ಯ. ನಮ್ಮ ಎರಿ ಭೂಮಿಯ ಬಯಲಿನಲ್ಲಿ ಮರದ ಅಡ್ಡಿಯೂ ಇಲ್ಲ, ಗುಡ್ಡದ ಅಡ್ಡಿಯೂ ಇಲ್ಲ; ಹಿಂಗಾರಿ ಜೋಳ ತೆನೆಗಟ್ಟುವ ದಿನಗಳಲ್ಲಿ ಆಕಾಶ ನಿರ್ಮಲವಾಗಿರುತ್ತದೆ. ಹಳ್ಳಿಯ ಶಾಲೆಗೆ ಖಗೋಲವಿಜ್ಞಾನದ ಸಹಜವಾದ ವಸ್ತು ಸೂರ್ಯನೇ ಎಂದು ನನ್ನ ಅಭಿಪ್ರಾಯ. ಅತ್ಯಂತ ಅಪಾಯದ ವಸ್ತುವೂ ಅವನೇ.

ಅಪಾಯ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು ಎರಡು ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಅರವತ್ತು ಮಿಲಿಮೀಟರಿನ ಮಸೂರ ಅದಕ್ಕಿಂತ ಅಗಲದಲ್ಲಿ ಮೂವತ್ತು ಪಟ್ಟು, ವಿಸ್ತಾರದಲ್ಲಿ ಒಂಬೈನೂರು ಪಟ್ಟು ದೊಡ್ಡದು. ಅಷ್ಟು ಪಟ್ಟು ಬಿಸಿಲನ್ನು ಅದು ಒಟ್ಟುಗೂಡಿಸುತ್ತದೆ. ಮಸೂರದ ನಾಭಿದೂರ ಏಳುನೂರು ಮಿಲಿಮೀಟರಾದರೆ ಆ ಬಿಸಿಲೆಲ್ಲ ಕೂಡಿ ಬೀಳುವ ಸೂರ್ಯಬಿಂಬದ ಅಗಲ ಆರೂವರೆ ಮಿಲಿಮೀಟರು, ಜೋಳದ ಕಾಳಿಗಿಂತ ತುಸು ದೊಡ್ಡದು. ಭೂತಗನ್ನಡಿಯಿಂದ ಕಾಗದ ಸುಟ್ಟು ಆಡಿದ ಮಗುವಿಗೆ ಮುಂದಿನ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಸಂಗತಿಯನ್ನು ಹೇಳಲೇಬೇಕು: ಕಣ್ಣಿನ ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಬೆರಳು ಸುಟ್ಟರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅಕ್ಷಿಪಟ ಸುಟ್ಟರೆ ಸುದ್ದಿಯೇ ಬರುವುದಿಲ್ಲ. ಕೆಲವು ಗಂಟೆಗಳ ಮೇಲೆ ಓದುವ ಅಕ್ಷರದ ನಡುವೆ ಕಪ್ಪು ಮಚ್ಚೆ ಕಂಡಾಗಲೇ ತಿಳಿಯುವುದು.

ಕಾಣದ ಈ ಅಪಾಯ ಮನುಷ್ಯನ ಅರಿವಿಗೆ ಬಂದ ಕಥೆಯೂ ದುರ್ಬೀನಿನದೇ. ೧೮೦೦ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಸೂರ್ಯವೀಕ್ಷಣೆಗೆ ತಕ್ಕ ಬಣ್ಣದ ಗಾಜನ್ನು ಹುಡುಕುತ್ತಿದ್ದನು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಾದರೂ ಕಣ್ಣಿಗೆ ಶಾಖ ತಟ್ಟುತ್ತಿತ್ತು. ಕೆಲವದರಲ್ಲಿ ಬೆಳಕು ಬಹಳವಾದರೂ ಶಾಖ ಅಷ್ಟಿರಲಿಲ್ಲ. ಇದೇಕೆಂದು ಬೆನ್ನುಹತ್ತಿದ ಅವನು, ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವನ್ನಿಟ್ಟನು. ಅಲ್ಲಿಯೂ ಪಾದರಸ ಏರಿತು. ಅವರಕ್ತ ಕಿರಣಗಳು ಮನುಷ್ಯನಿಗೆ ಗೊತ್ತಾದದ್ದು ಹೀಗೆ. ನಮ್ಮ ಆಯ್ಕೆಗೆ ಇದರಿಂದ ದೊರೆಯುವ ಪಾಠ ಸ್ಪಷ್ಟ: ಕಪ್ಪಾಗಿ ಕಂಡ ಮಾತ್ರಕ್ಕೆ ಒಂದು ಗಾಜು ಕಣ್ಣನ್ನು ಕಾಯುತ್ತದೆಂದು ನಂಬಲಾಗದು.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಬಿಸಿಲನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ, ಅದಕ್ಕಾಗಿಯೇ ತಯಾರಿಸಿದ ಫಿಲ್ಟರನ್ನು; ಅದನ್ನೂ ದುರ್ಬೀನಿನ ಮುಂದಿನ ಮಸೂರದ ಮುಂದೆ, ಮಸೂರವನ್ನು ಪೂರ್ತಿ ಮುಚ್ಚುವಂತೆ ಕಟ್ಟಿದಾಗ. ಬಿಸಿಲು ಒಳಗೆ ಬರುವ ಮುನ್ನವೇ ತಡೆಯಬೇಕು. ಒಳಗೆ ಬಂದು ಒಟ್ಟುಗೂಡಿದ ಮೇಲೆ ತಡೆಯುತ್ತೇನೆಂಬುದು ಹುಂಬತನ. ಹಳೆಯ ಅಗ್ಗದ ದುರ್ಬೀನುಗಳ ಪೆಟ್ಟಿಗೆಯಲ್ಲಿ ನೇತ್ರಮಸೂರಕ್ಕೆ ತಿರುಪಿ ಕೂಡಿಸುವ ಗುಂಡಿಯಷ್ಟು ಚಿಕ್ಕ ಕಪ್ಪು ಗಾಜೊಂದು ಇರುತ್ತಿತ್ತು, ಮೇಲೆ ಸೂರ್ಯನ ಹೆಸರು. ಒಂದು ಶಾಲೆಯ ಕಪಾಟಿನಲ್ಲಿ ಅಂಥದೊಂದನ್ನು ನಾನು ಇತ್ತೀಚೆಗೆ ಕಂಡೆ. ಅದು ಸುಭದ್ರವಾಗಿ ಹತ್ತಿಯಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿತ್ತು. ಬಿಸಿಲೆಲ್ಲ ಕೂಡುವ ಜಾಗದಲ್ಲೇ ಕೂಡುವ ಈ ಗಾಜು ಕಾದು ಥಟ್ಟನೆ ಸೀಳಬಲ್ಲದು. ಸೀಳುವ ಆ ಕ್ಷಣಕ್ಕೆ ಹಿಂದೆ ಒಂದು ಕಣ್ಣು ಇರುತ್ತದೆ. ಇಂಥದು ಸಿಕ್ಕರೆ ಕಪಾಟಿನಲ್ಲಿಡದೆ ಒಡೆದು ಹಾಕುವುದು ವಿಹಿತ.

ಮುಂದೆ ಕಟ್ಟುವ ಫಿಲ್ಟರುಗಳಲ್ಲಿ ಎರಡು ಬಗೆ. ಲೋಹದ ಲೇಪನವಿರುವ ಗಾಜು ಒಂದು, ಲೋಹದ ಲೇಪನವಿರುವ ತೆಳುಹಾಳೆ ಇನ್ನೊಂದು. ಗಾಜಿನಲ್ಲಿ ಸೂರ್ಯ ಬಹುತೇಕ ಕಿತ್ತಳೆ ಬಣ್ಣದವನಾಗಿ ಕಾಣುತ್ತಾನೆ. ಉತ್ತಮ ಹಾಳೆಯಲ್ಲಿ ಬೆಳ್ಳಗೆ ಕಾಣುತ್ತಾನೆ, ಕಲೆಗಳ ಅಂಚು ಹೆಚ್ಚು ಚೊಕ್ಕಟ. ಹಾಳೆ ಅಗ್ಗ, ಒಂದು ಹಾಳೆ ಕೊಂಡರೆ ರಟ್ಟಿನ ಬಳೆ ಮಾಡಿ ಎರಡು ಮೂರು ಚಿಕ್ಕ ದುರ್ಬೀನುಗಳಿಗೆ ಮುಚ್ಚಳ ಹೊಂದಿಸಬಹುದು. ಆದರೆ ಕೊಳ್ಳುವಾಗ ಒಂದು ಎಚ್ಚರ ಬೇಕು. ಕಣ್ಣಿನಿಂದ ನೋಡುವ ಹಾಳೆಯ ಸಾಂದ್ರತೆಯ ಅಂಕ ೫ ಇರುತ್ತದೆ, ೩.೮ ಎಂಬ ಅಂಕದ ಹಾಳೆಯೂ ಮಾರುಕಟ್ಟೆಯಲ್ಲಿದೆ, ಅದು ಫೋಟೋ ತೆಗೆಯುವುದಕ್ಕೆ ಮಾತ್ರ. ಎರಡೂ ನೋಡಲು ಒಂದೇ ತರಹ. ಹಾದುಬರುವ ಬೆಳಕಿನಲ್ಲಿ ಮಾತ್ರ ಹದಿನೈದು ಪಟ್ಟಿಗೂ ಮಿಕ್ಕ ವ್ಯತ್ಯಾಸ. ಗ್ರಹಣದ ಕಾಲಕ್ಕೆ ಮಾರುವ ಕಾಗದದ ಕನ್ನಡಕ ಬರಿಗಣ್ಣಿಗಾಗಿ ಇರುವಂಥದು; ಅದನ್ನು ಹಾಕಿಕೊಂಡು ದುರ್ಬೀನಿನಲ್ಲಿ ಇಣುಕಿದರೆ ಕನ್ನಡಕವೂ ಸುಟ್ಟೀತು, ಕಣ್ಣೂ ಸುಟ್ಟೀತು.

ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ತುಸು ಸುಕ್ಕು ಇದ್ದರೆ ನೋಟ ಕೆಡುವುದಿಲ್ಲ. ಪ್ರತಿ ಸಲವೂ ಕಟ್ಟುವ ಮುನ್ನ ಅದನ್ನು ಬೆಳಗುವ ಬ್ಯಾಟರಿಯ ಮುಂದೆ ಹಿಡಿದು ಸೂಜಿಮೊನೆಯಷ್ಟು ತೂತು, ಗೀರು ಇವೆಯೇ ಎಂದು ನೋಡಬೇಕು. ಇದ್ದರೆ ಕತ್ತರಿಸಿ ಎಸೆಯಬೇಕು. ಮುಚ್ಚಳವನ್ನು ಅಂಟುಪಟ್ಟಿಯಿಂದ ಕೊಳವೆಗೆ ಬಿಗಿಯಬೇಕು, ಏಕೆಂದರೆ ನವಲಗುಂದದ ಬಯಲಿನಲ್ಲಿ ಗಾಳಿ ಬಿಟ್ಟಿತೆಂದರೆ ಅದು ರಟ್ಟಿನ ಮುಚ್ಚಳಕ್ಕೆ ಮರ್ಯಾದೆ ಕೊಡುವುದಿಲ್ಲ. ಮುಖ್ಯ ದುರ್ಬೀನಿನ ಬೆನ್ನಮೇಲೆ ಗುರಿ ಹಿಡಿಯುವ ಸಲುವಾಗಿ ಇನ್ನೊಂದು ಮರಿದುರ್ಬೀನು ಇರುತ್ತದಷ್ಟೆ. ದೊಡ್ಡದಕ್ಕೆ ಫಿಲ್ಟರು ಕಟ್ಟಿ ಮರಿಯನ್ನು ಮರೆತರೆ ಅದರಲ್ಲಿಯೇ ಅನಾಹುತವಾಗುತ್ತದೆ. ಅದನ್ನು ಕಳಚಿ ಜೇಬಿಗೆ ಹಾಕಿಕೊಳ್ಳುವುದೇ ಲೇಸು. ಗುರಿ ಹಿಡಿಯಲು ನೆಲದ ಮೇಲಿನ ನೆರಳು ಸಾಕು: ಕೊಳವೆಯ ನೆರಳು ಯಾವಾಗ ಅತ್ಯಂತ ಚಿಕ್ಕದಾಗಿ ದುಂಡಗಾಗುವುದೋ ಆಗ ದುರ್ಬೀನು ಸೂರ್ಯನಿಗೆ ನೇರ. ತಲೆಯ ಮೇಲೊಂದು ಕಂಬಳಿ ಹೊದ್ದುಕೊಂಡರೆ ಸುತ್ತಲಿನ ಬೆಳಕು ಅಡ್ಡಿಪಡಿಸುವುದಿಲ್ಲ. ಬೆಳಗಿನ ಎಂಟರಿಂದ ಹತ್ತರೊಳಗೆ ನೋಡಿದರೆ ಬಿಂಬ ಸ್ಥಿರ; ಎರಿಮಣ್ಣು ಕಾದ ಮೇಲೆ ಮೇಲಣ ಗಾಳಿಯೇ ಕುದಿಯುತ್ತದೆ, ಬಿಂಬವೂ ಅದರೊಡನೆ ಕುದಿಯುತ್ತದೆ.

ಮಸೂರದ ದುರ್ಬೀನಿಗೆ ಮಾತ್ರ ಸಲ್ಲುವ ಇನ್ನೊಂದು ಸಲಕರಣೆಯುಂಟು. ಅದಕ್ಕೆ ಹರ್ಷೆಲ್ ಬೆಣೆಯೆಂದು ಹೆಸರು. ವಿಲಿಯಂನ ಮಗ ಜಾನ್ ಹರ್ಷೆಲ್ ೧೮೩೦ರ ದಶಕದಲ್ಲಿ ಸೂಚಿಸಿದ್ದು. ಇದರ ಮರ್ಮವನ್ನು ತಿಳಿಯಲು ನಮ್ಮ ಅಜ್ಜಿಯರನ್ನು ನೆನೆದರೆ ಸಾಕು. ಗ್ರಹಣದ ದಿನ ಪರಾತದಲ್ಲಿ ಸಗಣಿಯ ನೀರನ್ನೋ ಅರಿಸಿನದ ನೀರನ್ನೋ ತುಂಬಿ ಅದರಲ್ಲಿ ಬಿಂಬ ನೋಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ನೆತ್ತಿಯ ಸೂರ್ಯನ ಬೆಳಕಿನಲ್ಲಿ ನೂರಕ್ಕೆ ಎರಡರಷ್ಟನ್ನು ಮಾತ್ರ ನೀರಿನ ಮೈ ಹಿಂದಕ್ಕೆ ಕಳಿಸುತ್ತದೆ. ಬೆಣೆಯಾಕಾರದ ಗಾಜು ಕೂಡ ನೂರಕ್ಕೆ ಸುಮಾರು ಐದರಷ್ಟನ್ನು ಕಣ್ಣಿನ ಕಡೆಗೆ ಕಳಿಸಿ ಉಳಿದುದನ್ನು ಹೊರದಬ್ಬುತ್ತದೆ. ಅಜ್ಜಿಯರ ಉಪಾಯದಲ್ಲಿ ತಥ್ಯವಿತ್ತು, ಆದರೆ ಅದು ಅಪೂರ್ಣ. ನೂರಕ್ಕೆ ಎರಡು ಎಂದರೆ ಲಕ್ಷಕ್ಕೆ ಎರಡು ಸಾವಿರ, ಕಣ್ಣು ತಾಳಬಲ್ಲುದಕ್ಕಿಂತ ಬಹಳ ಹೆಚ್ಚು. ಆದಕಾರಣ ಬೆಣೆಯ ಹಿಂದೆಯೂ ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಮತ್ತೊಂದು ಫಿಲ್ಟರು ಇರಲೇಬೇಕು. ಬೆಣೆ ಕೊಡುವ ನೋಟ ಅತ್ಯಂತ ಸೂಕ್ಷ್ಮವಾದುದೆಂದು ಬಲ್ಲವರು ಹೇಳುತ್ತಾರೆ, ನಿಜ. ಆದರೆ ಅದನ್ನು ಬಳಸುವಾಗ ಕೊಳವೆಯೊಳಗೆ ಪೂರ್ಣ ಬಿಸಿಲು ಹರಿಯುತ್ತಿರುತ್ತದೆ, ಒಂದು ಬಿಡಿಭಾಗ ಮರೆತರೂ ತಪ್ಪಿಗೆ ಪರಿಹಾರವಿಲ್ಲ. ಏಕಾಂಗಿಯಾಗಿ ನೋಡುವ ನುರಿತ ಹವ್ಯಾಸಿಗೆ ಅದು ತಕ್ಕದ್ದು. ಮೂವತ್ತು ಮಕ್ಕಳ ತರಗತಿಗೆ ತಕ್ಕದ್ದಲ್ಲ.

ಈ ಹರ್ಷೆಲ್ ಮನೆತನಕ್ಕೂ ನಮ್ಮ ಸೀಮೆಗೂ ಒಂದು ನಂಟಿದೆ. ವಿಲಿಯಂನ ಮೊಮ್ಮಗ, ಇನ್ನೊಬ್ಬ ಜಾನ್ ಹರ್ಷೆಲ್, ಸೈನ್ಯದ ಅಧಿಕಾರಿಯಾಗಿ ಭಾರತದಲ್ಲಿದ್ದನು. ೧೮೬೮ರ ಆಗಸ್ಟ್ ೧೮ರ ಖಗ್ರಾಸ ಗ್ರಹಣವನ್ನು ನೋಡಲು ಅವನು ಬಂದು ನಿಂತದ್ದು ಜಮಖಂಡಿಯಲ್ಲಿ, ನವಲಗುಂದದಿಂದ ಬಡಗಣಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ. ಅದು ಮಳೆಗಾಲ, ಮೋಡ ಅವನನ್ನು ಬಹಳ ಕಾಡಿತು. ಸಿಕ್ಕ ಸಣ್ಣ ಬಿಡುವಿನಲ್ಲಿ ವರ್ಣದರ್ಶಕವನ್ನು ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯೊಂದರ ಮೇಲೆ ಹಿಡಿದು, ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಹೊಳೆಯುವ ಗೆರೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂದು ಇದರಿಂದ ತಿಳಿಯಿತು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್‌ನೂ ಈ ಗೆರೆಗಳನ್ನು ಕಂಡನು. ಕಿತ್ತಳೆಯ ಗೆರೆ ಭೂಮಿಯಲ್ಲಿ ಆವರೆಗೆ ಗೊತ್ತಿಲ್ಲದ ವಸ್ತುವಿನದೆಂದು ಮುಂದೆ ತಿಳಿದು, ಅದಕ್ಕೆ ಸೂರ್ಯನ ಗ್ರೀಕ್ ಹೆಸರಿನಿಂದಲೇ ಹೀಲಿಯಂ ಎಂದು ನಾಮಕರಣವಾಯಿತು. ೧೮೯೫ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಮೇಲೂ ಪಡೆದನು. ತಾತ ಗಾಜು ಹುಡುಕಿದನು, ತಂದೆ ಬೆಣೆ ಸೂಚಿಸಿದನು, ಮಗ ನಮ್ಮ ನೆಲದಲ್ಲಿ ನಿಂತು ಕಂಡನು. ಜಮಖಂಡಿಯ ಹೆಸರು ಈ ಚರಿತ್ರೆಯಲ್ಲಿದೆಯೆಂಬುದು ನಮ್ಮ ಪಠ್ಯಪುಸ್ತಕ ಓದುವ ಎಷ್ಟು ಮಕ್ಕಳಿಗೆ ಗೊತ್ತು?

ಹರ್ಷೆಲ್ ಕಂಡ ಕೆಂಪು ಗೆರೆ ಜಲಜನಕದ್ದು. ಆ ಒಂದೇ ಕೆಂಪನ್ನು ಒಳಬಿಡುವ ವಿಶೇಷ ದುರ್ಬೀನು ಇಂದು ಸಿಗುತ್ತದೆ. ಗ್ರಹಣವಿಲ್ಲದೆಯೇ ಜ್ವಾಲೆಗಳನ್ನು ಅದರಲ್ಲಿ ನೋಡಬಹುದು. ಅದರ ಕಿಮ್ಮತ್ತು ಲಕ್ಷ ರೂಪಾಯಿಯ ಸುತ್ತಿನ ಮಾತು. ಜಿಲ್ಲೆಗೊಂದು ಇರಲಿ, ಸರದಿಯ ಮೇಲೆ ತಾಲ್ಲೂಕುಗಳಿಗೆ ತಿರುಗಲಿ; ಹಳ್ಳಿಯ ಶಾಲೆ ಅದಕ್ಕಾಗಿ ಹಂಬಲಿಸುವುದು ಬೇಡ.

ಹಣವೇ ಇಲ್ಲದವರಿಗೂ ಒಂದು ದಾರಿಯಿದೆ. ನೇತ್ರಮಸೂರದಿಂದ ಹೊರಬೀಳುವ ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಎಲ್ಲರೂ ಒಟ್ಟಿಗೆ ನೋಡುವುದು. ೧೬೧೨ರಲ್ಲಿ ಗೆಲಿಲಿಯೋ ಸೂರ್ಯಕಲೆಗಳ ಚಿತ್ರಗಳನ್ನು ಬರೆದದ್ದು ತನ್ನ ಶಿಷ್ಯ ಕಾಸ್ಟೆಲ್ಲಿ ಹೇಳಿಕೊಟ್ಟ ಈ ಕ್ರಮದಿಂದಲೇ. ಆದರೆ ಇಲ್ಲಿ ಫಿಲ್ಟರಿಲ್ಲ. ಗುರುಗಳು ಅತ್ತ ತಿರುಗಿದಾಗ ಒಂದು ಮಗು ಇತ್ತ ಕಣ್ಣಿಟ್ಟರೆ ಮುಗಿಯಿತು. ಪ್ಲಾಸ್ಟಿಕ್ಕಿನ ನೇತ್ರಮಸೂರವಾದರೆ ಕರಗುವುದೂ ಉಂಟು. ಬಿಂಬ ಬೀಳುವ ಜಾಗವನ್ನು ಡಬ್ಬಿಯೊಳಗೆ ಮುಚ್ಚಿ, ಕಣ್ಣು ತೂರದಂತೆ ಮಾಡಿ, ಗುರುಗಳು ದುರ್ಬೀನನ್ನು ಬಿಟ್ಟು ಕದಲದೆ ಇದ್ದರೆ ಮಾತ್ರ ಇದು ಸಾಧು.

ಆದುದರಿಂದ ಶಾಲೆಗಳಿಗೆ ನನ್ನ ಸೂಚನೆ ಇಷ್ಟು. ಮೊದಲು ಕೊಳ್ಳಬೇಕಾದದ್ದು ಫಿಲ್ಟರಿನ ಹಾಳೆ, ಆಮೇಲೆ ದುರ್ಬೀನು. ಹಾಳೆಗೆ ಹಣವಿಲ್ಲವಾದರೆ ದುರ್ಬೀನನ್ನು ಹಗಲು ಹೊರಗೆ ತರಲೇಬಾರದು. ದುರ್ಬೀನು ದೊಡ್ಡದಿರಲೆಂಬ ಆಸೆಯೂ ಬೇಡ. ಸೂರ್ಯನಲ್ಲಿ ಬೆಳಕಿಗೆ ಬರವಿಲ್ಲ, ಅರವತ್ತರಿಂದ ಎಂಬತ್ತು ಮಿಲಿಮೀಟರು ಧಾರಾಳವಾಗಿ ಸಾಕು. ಉಳಿದ ಹಣ ಅಲುಗದ ಗಟ್ಟಿ ಮುಕ್ಕಾಲಿಗೆ ಸಲ್ಲಲಿ. ಜರ್ಮನಿಯ ದೆಸ್ಸಾವ್ ಎಂಬ ಊರಿನಲ್ಲಿ ಔಷಧಿಯ ಅಂಗಡಿ ನಡೆಸಿದ್ದ ಶ್ವಾಬೆ ೧೮೨೬ರಿಂದ ಚಿಕ್ಕ ದುರ್ಬೀನಿನಲ್ಲಿ, ಬಾನು ತಿಳಿಯಾಗಿದ್ದ ದಿನಗಳಲ್ಲೆಲ್ಲ, ಕಲೆಗಳನ್ನು ಎಣಿಸುತ್ತ ಹೋದನು; ೧೮೪೩ರಲ್ಲಿ ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆಂದು ಲೋಕಕ್ಕೆ ತಿಳಿಸಿದನು. ಅದು ಹನ್ನೊಂದು ವರ್ಷದ ಆವರ್ತವೆಂದು ಇಂದು ಎಣಿಕೆ. ದುರ್ಬೀನಿನ ಗಾತ್ರಕ್ಕಿಂತ ಹದಿನೇಳು ವರ್ಷದ ತಾಳ್ಮೆಯೇ ಅವನ ಬಂಡವಾಳ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕೊಡೈಕನಾಲಿನ ವೇಧಶಾಲೆ ೧೯೦೪ರಿಂದ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. ೧೯೦೯ರಲ್ಲಿ ಎವರ್‌ಶೆಡ್ ಕಲೆಗಳೊಳಗಿನ ಅನಿಲದ ಹರಿವನ್ನು ಕಂಡುಹಿಡಿದದ್ದೂ ಅಲ್ಲಿಯೇ. ೨೦೨೩ರಲ್ಲಿ ಹಾರಿದ ಆದಿತ್ಯ ಎಲ್-೧ ನೌಕೆ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತದೆ. ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಹೀಗಿರುವಾಗ ಕುಂದಗೋಳದ ಹುಡುಗ ರಟ್ಟಿನ ಮುಚ್ಚಳ ಕಟ್ಟಿ ಕಾಣುವುದೇನು? ಹೊಸ ಸಂಗತಿಯನ್ನೇನೂ ಕಾಣಲಾರ, ಒಪ್ಪಿದೆ. ಆದರೆ ಹದಿನೈದು ಸೆಂಟಿಮೀಟರಿನ ವೃತ್ತ ಬರೆದು, ದಿನಾಂಕ ಹೊತ್ತು ನಮೂದಿಸಿ, ಕಂಡ ಕಲೆಯನ್ನು ಪೆನ್ಸಿಲಿನಿಂದ ಗುರುತಿಸಿ, ಹನ್ನೆರಡು ದಿನ ಅದನ್ನೇ ಹಿಂಬಾಲಿಸಿದ ಹುಡುಗನಿಗೆ ಸೂರ್ಯ ತಿರುಗುತ್ತಾನೆಂದು ಪುಸ್ತಕ ಹೇಳಬೇಕಾಗಿಲ್ಲ. ತಾನು ಕಂಡದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಇರುವ ಅಂತರವನ್ನು ಅವನು ಬದುಕಿಡೀ ಮರೆಯಲಾರ. ಅಂಥವನ ಮನೆಯ ಬಾಗಿಲು ಮುಂದಿನ ಗ್ರಹಣಕ್ಕೆ ಮುಚ್ಚುವುದಿಲ್ಲ.

ಕನ್ನಡ ಕಲಿಸುವ ಮಾಸ್ತರನಿಗೆ ದುರ್ಬೀನಿನ ಗೊಡವೆ ಏಕೆಂದು ಕೇಳುವವರಿಗೆ ಅಣ್ಣಿಗೇರಿಯನ್ನು ನೆನಪಿಸುತ್ತೇನೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಹೇಳುತ್ತದೆ. ಜೋಯಿಸನೆಂದರೆ ಆಕಾಶವನ್ನು ಓದಿ ತಿಥಿ ಗ್ರಹಣಗಳನ್ನು ಗುಣಿಸುವವನು. ನಮ್ಮ ಕಾವ್ಯದ ಮೊದಲ ಮನೆಯಲ್ಲಿಯೇ ಆಕಾಶದ ಲೆಕ್ಕವಿತ್ತು. ಅಕ್ಷರಕ್ಕೂ ಆಕಾಶಕ್ಕೂ ನಡುವೆ ಗೋಡೆ ಕಟ್ಟಿದವರು ನಾವು, ಈಚಿನವರು.

ಕನ್ನಡದ ಗೊಡವೆ ಇನ್ನೊಂದು ಕಾರಣಕ್ಕೂ ಇಲ್ಲಿದೆ. ಶಾಲೆಗೆ ಬರುವ ದುರ್ಬೀನಿನ ಮೈಮೇಲಣ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ಓದಬೇಕಾದ ಮಗುವಿನ ಮಾತು ಕನ್ನಡ. ಕಥೆ ಕವನಗಳಿಗೆ ಕನ್ನಡ ಬೇಕು, ಕಣ್ಣು ಕಾಯುವ ಮಾತಿಗೆ ಬೇಡವೇ? ೨೦೨೭ರ ಆಗಸ್ಟ್ ೨ರ ಸಂಜೆ ನಮ್ಮ ಸೀಮೆಗೆ ಭಾಗಶಃ ಸೂರ್ಯಗ್ರಹಣದ ಯೋಗವಿದೆ. ಹರ್ಷೆಲನನ್ನು ಕಾಡಿದ ಶ್ರಾವಣದ ಮೋಡ ನಮ್ಮನ್ನೂ ಕಾಡಬಹುದು. ಗ್ರಹಣಕ್ಕಾಗಿ ಕಾಯಬೇಕಾಗಿಯೂ ಇಲ್ಲ. ದುರ್ಬೀನು ಇರುವ ಪ್ರತಿಯೊಂದು ಶಾಲೆಯ ಕನ್ನಡ ಅಧ್ಯಾಪಕರು ನಾಳೆಯೇ ಒಂದು ಬಿಳಿಯ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಹೀಗೆ ಬರೆದು ಕೊಳವೆಗೆ ಅಂಟಿಸಬೇಕೆಂದು ಅರಿಕೆ ಮಾಡುತ್ತೇನೆ: “ಮುಂದಿನ ಗಾಜಿಗೆ ಫಿಲ್ಟರು ಕಟ್ಟದೆ ಇದನ್ನು ಸೂರ್ಯನ ಕಡೆಗೆ ತಿರುಗಿಸಬಾರದು. ಮೇಲಿನ ಮರಿದುರ್ಬೀನನ್ನು ಕಳಚಿರಿ. ದುರ್ಬೀನನ್ನು ಸೂರ್ಯನಿಂದ ಆಚೆ ತಿರುಗಿಸಿದ ಮೇಲೆಯೇ ಫಿಲ್ಟರು ತೆಗೆಯಿರಿ. ತಪ್ಪಿದರೆ, ನೋವು ತಿಳಿಯದೆಯೇ ಕಣ್ಣು ಹೋಗುತ್ತದೆ.”